ಎಂಎಸ್ ತಜ್ಞರ ನಿವೃತ್ತಿ: ಅಭಿನಂದನಾ ಪತ್ರದಲ್ಲಿ ಏನಿರಬೇಕು?

ವಿಭಾಗದ ಕಾರ್ಯದರ್ಶಿ: 1990ರ ಸುಮಾರಿನಿಂದ ಮಲ್ಟಿಪಲ್ ಸ್ಕ್ಲಿರೋಸಿಸ್ (ಎಂಎಸ್, ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಗೆ ಹಾನಿ ಮಾಡುವ ಕಾಯಿಲೆ) ರೋಗಿಗಳನ್ನೇ ನೋಡುತ್ತ, ಔಷಧ ಪ್ರಯೋಗಗಳಲ್ಲೂ ದುಡಿದ ನಮ್ಮ ನರರೋಗ ತಜ್ಞರು ನಿವೃತ್ತರಾಗುತ್ತಿದ್ದಾರೆ. ಒಂದು ಪುಟದ ಅಭಿನಂದನಾ ಪತ್ರ, ರೋಗಿಗಳ ಮಾತುಗಳ ಪುಸ್ತಿಕೆ, ಒಂದು ಸಭೆ ಮಾಡುವ ಯೋಚನೆಯಿದೆ. ಬರೀ ಪ್ರಬಂಧಗಳ ಪಟ್ಟಿ ಓದಿದರೆ ಯಾರಿಗೂ ತಟ್ಟುವುದಿಲ್ಲ. ಏನು ಬರೆಯೋಣ?

ಸಂಶೋಧನಾ ಸಂಯೋಜಕಿ: ಪಟ್ಟಿ ಪತ್ರದ ಹಿಂಬದಿಗೆ ಹೋಗಲಿ. ಮುಂಬದಿಯಲ್ಲಿ ಅವರ ಕಾಲದಲ್ಲಿ ರೋಗಿಗಳ ಪಾಡು ಹೇಗೆ ಬದಲಾಯಿತೆಂದು ಹೇಳಿ. ಅವರು ಶುರುಮಾಡಿದಾಗ ಸ್ಟೀರಾಯ್ಡ್ ಕೊಟ್ಟು ದಾಳಿಯ (ಲಕ್ಷಣಗಳು ಹೊಸದಾಗಿ ಕಾಣಿಸಿಕೊಳ್ಳುವ ಇಲ್ಲವೇ ಉಲ್ಬಣಿಸುವ ಹಂತ) ಅವಧಿ ಕುಗ್ಗಿಸಬಹುದಿತ್ತು, ಅಷ್ಟೇ. ದಾಳಿಗಳನ್ನೇ ಕಡಿಮೆ ಮಾಡುವ ಔಷಧವಾಗಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾ-1ಬಿಗೆ ಅನುಮತಿ ಸಿಕ್ಕಿದ್ದು 1993ರಲ್ಲಿ. 2001ರ ಮೆಕ್‌ಡೊನಾಲ್ಡ್ ಮಾನದಂಡ (ಎಂಎಸ್ ಪತ್ತೆಯ ನಿಯಮಗಳು) ಬಂದ ಮೇಲೆ ಎರಡನೇ ದಾಳಿಗೆ ಕಾಯದೆ, ಎಂಆರ್‌ಐಯಲ್ಲಿ ಹೊಸ ಕಲೆ ಕಂಡರೂ ರೋಗ ನಿರ್ಧರಿಸುವ ದಾರಿ ತೆರೆಯಿತು. 2017ರಲ್ಲಿ ಪ್ರೈಮರಿ ಪ್ರೊಗ್ರೆಸಿವ್ (ಮೊದಲಿನಿಂದಲೇ ನಿಧಾನವಾಗಿ ಹೆಚ್ಚುತ್ತ ಹೋಗುವ) ಬಗೆಯ ರೋಗಕ್ಕೂ ಆಕ್ರೆಲಿಜುಮಾಬ್ ಎಂಬ ಔಷಧ ಬಂತು. ಪ್ರತಿ ಇಸವಿಯ ಪಕ್ಕ ನಿಮ್ಮ ವೈದ್ಯರು ಆಗ ಮಾಡಿದ್ದನ್ನು ಒಂದೊಂದು ವಾಕ್ಯದಲ್ಲಿ ಬರೆಯಿರಿ.

2005ರ ಕಡತಗಳನ್ನು ತಪ್ಪದೆ ನೋಡಿ. 2004ರ ಕೊನೆಗೆ ಅನುಮತಿ ಪಡೆದ ನಟಾಲಿಜುಮಾಬ್ ಎಂಬ ಎಂಎಸ್ ಔಷಧವನ್ನು ಪಿಎಂಎಲ್ ಎಂಬ ಮೆದುಳಿನ ಸೋಂಕಿನಿಂದಾಗಿ ತಡೆಹಿಡಿದರು, 2006ರಲ್ಲಿ ಕಟ್ಟುನಿಟ್ಟಿನ ನಿಗಾದೊಂದಿಗೆ ಮರಳಿ ಬಿಟ್ಟರು. ವೈದ್ಯರ ವಿವೇಕ ಕಾಣುವುದು ಅಂಥ ಹೊತ್ತಿನಲ್ಲೇ.

ಬಹುಕೇಂದ್ರ ಪ್ರಯೋಗದಲ್ಲಿ ಭಾಗಿಯಾದವರನ್ನು ‘ಔಷಧ ಕಂಡುಹಿಡಿದವರು’ ಎನ್ನಬೇಡಿ. ಅವರ ನಿಜವಾದ ದುಡಿಮೆಯನ್ನೇ ಹೇಳಿ. ಉದಾಹರಣೆಗೆ ಇಡಿಎಸ್‌ಎಸ್ ಅಂಕ (ಅಂಗವೈಕಲ್ಯದ ಮಟ್ಟದ ಅಳತೆ) ಹಾಕುವ ವೈದ್ಯರನ್ನು ಚಿಕಿತ್ಸೆ ನೀಡುವವರಿಂದ ಬೇರೆಯಾಗಿಯೇ ಇಡುತ್ತಾರೆ. ಚುಚ್ಚಿದ ಜಾಗದ ಕೆಂಪು ಕಂಡರೂ ಯಾರಿಗೆ ಯಾವ ಔಷಧವೆಂದು ಗೊತ್ತಾಗಿ, ಅಂಕ ಒಂದು ಕಡೆಗೆ ವಾಲಿಬಿಡಬಹುದು. ವರ್ಷಗಟ್ಟಲೆಯ ಈ ಶಿಸ್ತು ಪ್ರಬಂಧದ ಶೀರ್ಷಿಕೆಯಲ್ಲಿ ಕಾಣುವುದಿಲ್ಲ.

ಎಂಎಸ್ ನರ್ಸ್: ಪುಸ್ತಿಕೆಗೆ ಲಿಖಿತ ಒಪ್ಪಿಗೆ ಬೇಕು, ಅಂತರ್ಜಾಲಕ್ಕೆ ಹಾಕುವುದಾದರೆ ಬೇರೆಯದೇ ಒಪ್ಪಿಗೆ. ಹೆಸರು ತೆಗೆದರೆ ಸಾಲದು. ವಯಸ್ಸು, ಉದ್ಯೋಗ, ಕಣ್ಣು ಮಂಜಾದ ವರ್ಷ ಮೂರೂ ಸೇರಿದರೆ ಪರಿಚಯದವರಿಗೆ ಗುರುತು ಸಿಗುತ್ತದೆ. ಕೆಲಸದ ಜಾಗದಲ್ಲಿ ರೋಗದ ವಿಷಯ ಹೇಳಿಕೊಳ್ಳದವರು ಬಹಳ. ‘ಗುಣಪಡಿಸಿದರು’ ಎಂಬ ಮಾತೂ ಬೇಡ.

ಸಭಾಂಗಣ ತಂಪಾಗಿರಲಿ, ಮೈಯ ಬಿಸಿ ತುಸು ಏರಿದರೂ ಕೆಲವರಿಗೆ ದೃಷ್ಟಿ, ಕಾಲು ಎರಡೂ ಕೈಕೊಡುತ್ತವೆ. ಒಂದು ಗಂಟೆಯೊಳಗೆ ಮುಗಿಸಿ. ಗಾಲಿಕುರ್ಚಿಗೆ ಇಳಿಜಾರು ಬಾಗಿಲಲ್ಲಷ್ಟೇ ಅಲ್ಲ, ವೇದಿಕೆಗೂ ಬೇಕು. ಶೌಚಾಲಯ ಹತ್ತಿರವಿರಲಿ.

ಹೊರರೋಗಿ ವಿಭಾಗದ ವೈದ್ಯ: ಇದೆಲ್ಲಕ್ಕಿಂತ ಮೊದಲು ಅವರ ರೋಗಿಗಳ ಹಸ್ತಾಂತರ ಮುಗಿಸಿ. ಅವರು ಕಟ್ಟಿದ ಆರೈಕೆ ಒಂದು ದಿನವೂ ಕಡಿಯದಿರುವುದೇ ನನ್ನ ಪ್ರಕಾರ ದೊಡ್ಡ ಗೌರವ. ತಲಾ ಒಂದು ಪುಟ ಸಾಕು: ಮೊದಲ ಲಕ್ಷಣದ ವರ್ಷ, ರೋಗದ ಬಗೆ, ಕೊನೆಯ ಇಡಿಎಸ್‌ಎಸ್, ಹಿಂದಿನ ಔಷಧಗಳು ಮತ್ತು ನಿಲ್ಲಿಸಿದ ಕಾರಣ, ಕೊನೆಯ ಎಂಆರ್‌ಐ, ಜೆಸಿ ವೈರಸ್ (ಪಿಎಂಎಲ್ ತರುವ ವೈರಸ್) ಪ್ರತಿಕಾಯದ ಪರೀಕ್ಷೆಯ ಫಲಿತಾಂಶ, ಮುಂದಿನ ಡೋಸ್‌ನ ದಿನಾಂಕ. ಹೆಚ್ಚಾಗಿ ತಪ್ಪುವುದು ‘ನಿಲ್ಲಿಸಿದ ಕಾರಣ’. ಅದಿಲ್ಲದಿದ್ದರೆ ಹೊಸಬರು ಅದೇ ಔಷಧವನ್ನು ಮತ್ತೆ ಬರೆಯುತ್ತಾರೆ.

ನಟಾಲಿಜುಮಾಬ್, ಫಿಂಗೊಲಿಮಾಡ್ ಔಷಧಗಳನ್ನು ಪಡೆಯುವವರ ಪುಟಗಳನ್ನು ಮೊದಲು ಮುಗಿಸಿ. ಅವು ನಿಂತರೆ ಕೆಲವೇ ತಿಂಗಳಲ್ಲಿ ರೋಗ ಮರುಕಳಿಸಬಹುದು, ಕೆಲವರಲ್ಲಿ ಮೊದಲಿಗಿಂತ ಜೋರಾಗಿ. ನಡೆಯುತ್ತಿರುವ ಪ್ರಯೋಗಗಳಲ್ಲಿ ಮುಖ್ಯ ಸಂಶೋಧಕರ ಬದಲಾವಣೆಗೆ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು, ಅರ್ಜಿ ಈಗಲೇ ಹಾಕಿ.