ಬೆಳ್ಳಂದೂರು ಕೆರೆ ಮಾಡೆಲ್: ಟ್ರೇಸರ್ ಯಾಕೆ ಇಷ್ಟು ಬೇಗ ಹರಡುತ್ತೆ?

ಪ್ರಶ್ನೆ: ಎಂ.ಟೆಕ್ ಪ್ರಾಜೆಕ್ಟಿಗೆ ಬೆಳ್ಳಂದೂರು ಕೆರೆಯ ಮಾಡೆಲ್ ಮಾಡ್ತಿದ್ದೀನಿ. ಡೆಲ್ಫ್ಟ್3ಡಿ (ನೀರಿನ ಹರಿವು ಲೆಕ್ಕ ಹಾಕೋ ಸಾಫ್ಟ್‌ವೇರ್), 50 ಮೀಟರ್ ಕೋಶಗಳ ಗ್ರಿಡ್, ಒಂದೇ ಪದರ, ಟೈಮ್ ಸ್ಟೆಪ್ 60 ಸೆಕೆಂಡ್. ನೀರಿನ ಗುಣಮಟ್ಟಕ್ಕೆ ಅದರದೇ ಭಾಗವಾದ ಡೆಲ್ವಾಕ್, ಅಪ್‌ವಿಂಡ್ ಸ್ಕೀಮ್ (ಹರಿವು ಬರುವ ಕಡೆಯ ಕೋಶದ ಬೆಲೆಯನ್ನೇ ತೆಗೆದುಕೊಳ್ಳುವ ಲೆಕ್ಕದ ವಿಧಾನ). ರಾಜಕಾಲುವೆಯಲ್ಲಿ ಬಿಟ್ಟ ಟ್ರೇಸರ್ (ನೀರಿನ ಜಾಡು ತೋರಿಸೋ ಗುರುತಿನ ವಸ್ತು) ಬೇಗನೆ ಕೆರೆಯೆಲ್ಲ ಹರಡಿಬಿಡುತ್ತೆ. ಡಿಒ (ನೀರಲ್ಲಿ ಕರಗಿದ ಆಮ್ಲಜನಕ) ಕೂಡ ಅಳತೆಗಿಂತ ಜಾಸ್ತಿ ಬರ್ತಿದೆ. ನನ್ನ ಹತ್ತಿರ ಇರೋದು ಹೂಳೆತ್ತುವ ಮುಂಚಿನ ಅಳತೆಗಳು. ಎಲ್ಲಿ ನೋಡಲಿ?

ಉತ್ತರ 1: ಅದು ಕೆರೆಯ ಹರಡುವಿಕೆ ಅಲ್ಲ, ನಿಮ್ಮ ಸ್ಕೀಮಿನದು. ಮೊದಲ ದರ್ಜೆಯ ಅಪ್‌ವಿಂಡ್ ಸುಮಾರು ವೇಗ × ಕೋಶದ ಅಗಲ ÷ 2ರಷ್ಟು ಡಿಫ್ಯೂಷನ್ (ಹರಡುವಿಕೆ) ತಾನೇ ಸೇರಿಸುತ್ತೆ. ವೇಗ ಸೆಕೆಂಡಿಗೆ 2 ಸೆಂ.ಮೀ., ಕೋಶ 50 ಮೀ. ಅಂದರೆ 0.5 ಚ.ಮೀ./ಸೆ. ನೀವು ಇನ್‌ಪುಟ್‌ನಲ್ಲಿ 0.1 ಕೊಟ್ಟಿದ್ದರೂ ಓಡೋದು 0.6ರಲ್ಲಿ. ಆ 0.1 ಅನ್ನು ಎಷ್ಟು ಇಳಿಸಿದರೂ 0.5ಕ್ಕಿಂತ ಕೆಳಗೆ ಹೋಗಲ್ಲ. ಕೋಶ 15 ಮೀಟರಿಗೆ ಇಳಿಸಿ, ಸ್ಕೀಮ್ ಬದಲಿಸಿ. ಆದರೆ 60 ಸೆಕೆಂಡ್ ಹಾಗೇ ಬಿಡಬೇಡಿ: ಆಳ 1.5 ಮೀ. ಇದ್ದರೆ ಅಲೆಯ ವೇಗ ಸೆಕೆಂಡಿಗೆ 3.8 ಮೀ., ಕೂರಾಂಟ್ ಸಂಖ್ಯೆ (ಒಂದು ಟೈಮ್ ಸ್ಟೆಪ್‌ನಲ್ಲಿ ಅಲೆ ದಾಟೋ ಕೋಶಗಳ ಲೆಕ್ಕ) 15 ದಾಟುತ್ತೆ. 20 ಸೆಕೆಂಡಿಗೆ ತಂದರೆ ಸುಮಾರು 5.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಅದಾದ ಮೇಲೆ ಪದರ ಹೆಚ್ಚಿಸಿ, 5 ಸಾಕು. ಮೇಲ್ಪದರ ಗಾಳಿಯ ವೇಗದ ಶೇ 2–3ರಷ್ಟರಲ್ಲಿ ಗಾಳಿಯ ಜೊತೆ ಹೋಗುತ್ತೆ, ತಳದ ನೀರು ಎದುರು ಬರುತ್ತೆ. ಒಂದೇ ಪದರದಲ್ಲಿ ಇವೆರಡೂ ಒಂದಕ್ಕೊಂದು ವಜಾ. ಈಗ ಸುಳ್ಳು ಡಿಫ್ಯೂಷನ್ ಈ ಕೊರತೆಯನ್ನ ಮುಚ್ಚಿಹಾಕ್ತಿರಬಹುದು, ಹುಷಾರು. ಅಂತರಗಂಗೆ ಮುಚ್ಚಿದ ಕಡೆ ಗಾಳಿ ನೀರಿಗೆ ತಾಕೋದೇ ಇಲ್ಲ. ಆ ಕೋಶಗಳಲ್ಲಿ ವಿಂಡ್ ಸ್ಟ್ರೆಸ್ (ಗಾಳಿ ನೀರನ್ನು ತಳ್ಳುವ ಬಲ) ಸೊನ್ನೆಗೆ ಹತ್ತಿರ ಇಡಿ.

ಉತ್ತರ 3: ಡಿಒಗೆ ಮೂರು ಕಡೆ ನೋಡಿ. ಬೆಂಗಳೂರು ಸಮುದ್ರಮಟ್ಟದಲ್ಲಿಲ್ಲ! 25 ಡಿಗ್ರಿಯಲ್ಲಿ ಸ್ಯಾಚುರೇಷನ್ (ಗಾಳಿಯಿಂದ ನೀರು ಹಿಡಿಯಬಲ್ಲ ಗರಿಷ್ಠ ಡಿಒ) 8.26 ಅಲ್ಲ, ಸುಮಾರು 900 ಮೀ. ಎತ್ತರಕ್ಕೆ 7.4 ಮಿ.ಗ್ರಾಂ./ಲೀ. ಎರಡನೆಯದು ರೀಏರೇಷನ್ (ಗಾಳಿಯಿಂದ ನೀರಿಗೆ ಆಮ್ಲಜನಕ ಸೇರೋದು): ಓಕಾನರ್–ಡಾಬಿನ್ಸ್ ಸೂತ್ರ ಹೊಳೆಗಾಗಿ ಇರೋದು, ಕೆರೆಗೆ ಗಾಳಿಯ ವೇಗದ ಸೂತ್ರ ಹಾಕಿ, ಅಂತರಗಂಗೆಯ ಅಡಿ ಬಹಳ ಕಡಿಮೆ ಮಾಡಿ. ಮೂರನೆಯದು ತಳದ ಹೂಳು. ಅದು ದಿನಕ್ಕೆ ಚ.ಮೀ.ಗೆ 3 ಗ್ರಾಂ ಆಮ್ಲಜನಕ ಎಳೆದರೆ 1.5 ಮೀ. ಆಳದಲ್ಲಿ ಲೀಟರಿಗೆ 2 ಮಿ.ಗ್ರಾಂ. ದಿನವೂ ಹೋಯ್ತು. ಸ್ಯಾಂಪಲ್ ತೆಗೆದ ಹೊತ್ತನ್ನೂ ನೋಡಿ, ಪಾಚಿ ಇದ್ದರೆ ಮಧ್ಯಾಹ್ನದ ಡಿಒಗೂ ನಸುಕಿನ ಡಿಒಗೂ ಸಂಬಂಧವೇ ಇರಲ್ಲ.

ಉತ್ತರ 4: ಬಿಒಡಿ (ಕೊಳಕು ಕೊಳೆಯಲು ಬೇಕಾದ ಆಮ್ಲಜನಕ) ದರ ತಿರುಚುವ ಮೊದಲು ಮಾಡೆಲ್‌ನಲ್ಲಿ ಕ್ಲೋರೈಡ್ ಓಡಿಸಿ ನೋಡಿ. ಅದು ಕೊಳೆಯಲ್ಲ, ಕಳೆದು ಹೋಗಲ್ಲ. ಕೋಡಿಯಲ್ಲಿ ಅದೇ ಅಳತೆಗೆ ಹೊಂದದಿದ್ದರೆ ತಪ್ಪು ಹರಿವಿನಲ್ಲಿದೆ. ಚರಂಡಿ ನೀರು ದಿನವಿಡೀ ಒಂದೇ ಸಮ ಬರಲ್ಲ, ಬೆಳಗಿನ ಏರು ಇರಲೇಬೇಕು. ಆಳದ ನಕ್ಷೆಯೂ ಹೂಳೆತ್ತುವ ಮುಂಚಿನದೇ ತಾನೆ?