ಕೋಆ್ಯಕ್ಸ್ (ಆಂಟೆನಾದ ಕೇಬಲ್) ಬಿಚ್ಚಿಟ್ಟಿದ್ದರೂ ರಿಗ್ (ರೇಡಿಯೊ ಸೆಟ್) ಕೆಟ್ಟಿತು: ಸಿಡಿಲಿಗೆ ಟೆರೇಸಿನ ಆಂಟೆನಾಕ್ಕೆ ಏನು ಮಾಡಬೇಕು?

ಧಾಯರಿ_40ಮೀಟರ್:

ಎಲ್ಲರಿಗೂ ನಮಸ್ಕಾರ. ನನ್ನದು ಹ್ಯಾಮ್ (ಹವ್ಯಾಸಿ) ರೇಡಿಯೊ. ನಾನಿರುವುದು ಪುಣೆಯ ಧಾಯರಿಯಲ್ಲಿ. ನಾಲ್ಕು ಮಹಡಿಯ ಸೊಸೈಟಿ, ನಮ್ಮದು ಕೊನೆಯ ಮಹಡಿ. ಟೆರೇಸಿನ ಮೇಲೆ 20 ಅಡಿಯ ಜಿಐ ಪೈಪ್ ನಿಲ್ಲಿಸಿ 40 ಮೀಟರ್ ಬ್ಯಾಂಡಿಗೆ ಇನ್ವರ್ಟೆಡ್ ವಿ (ನಡು ಮೇಲೆ, ಎರಡೂ ತುದಿ ಕೆಳಗೆ ಇಳಿಬಿಟ್ಟ ಡೈಪೋಲ್ ತಂತಿ ಆಂಟೆನಾ) ಕಟ್ಟಿದ್ದೇನೆ. ಪೈಪಿನ ತುದಿಯಲ್ಲಿ ವಿಎಚ್‌ಎಫ್ ವರ್ಟಿಕಲ್ ಆಂಟೆನಾ ಇದೆ. ಎರಡು ವರ್ಷ ಏನೂ ತೊಂದರೆ ಆಗಿರಲಿಲ್ಲ.

ಕಳೆದ ವಾರ ರೋಹಿಣಿ ಮಳೆ ಶುರುವಾಯಿತಲ್ಲ, ಅವತ್ತು ಸಂಜೆ ಐದಕ್ಕೇ ಸಿಂಹಗಡದ ಕಡೆ ಮೋಡ ಕಪ್ಪಾಗಿತ್ತು. ಎರಡೂ ಕೋಆ್ಯಕ್ಸ್ ಬಿಚ್ಚಿ ಮೇಜಿನ ಮೇಲೆ, ರಿಗ್ ಹಿಂದೆಯೇ ಬಿಟ್ಟೆ. ಪವರ್ ಸಪ್ಲೈ ಸ್ವಿಚ್ ಆಫ್ ಮಾಡಿದೆ, ಪ್ಲಗ್ ಕೀಳಲಿಲ್ಲ. ಎಫ್‌ಟಿ8 (ಕಂಪ್ಯೂಟರ್ ಮೂಲಕ ರೇಡಿಯೊ ಸಂದೇಶ ಕಳಿಸುವ ವಿಧಾನ) ಆಡಲು ಲ್ಯಾಪ್‌ಟಾಪಿಗೆ ಹಾಕಿದ್ದ ಯುಎಸ್‌ಬಿ ವಯರ್ ಹಾಗೇ ಇತ್ತು. ಹತ್ತು ನಿಮಿಷದಲ್ಲಿ ಎದುರಿನ ಖಾಲಿ ಜಾಗದ ಮರಕ್ಕೆ ಸಿಡಿಲು ಬಡಿಯಿತು. ಮಿಂಚು, ಸದ್ದು ಎರಡೂ ಒಟ್ಟಿಗೇ. ಅದೇ ಗಳಿಗೆಯಲ್ಲಿ ಕೋಆ್ಯಕ್ಸಿನ ಪ್ಲಗ್ಗಿನಿಂದ ರಿಗ್ಗಿಗೆ ಚಟ್ ಅಂತ ನೀಲಿ ಕಿಡಿ ಹಾರಿತು. ನನ್ನ ಮಗಳು ಆ ಮೇಜಿನಿಂದ ನಾಲ್ಕು ಅಡಿ ದೂರದಲ್ಲಿ ಓದುತ್ತಾ ಕೂತಿದ್ದಳು. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ರಿಗ್ ಆನ್ ಆಗುತ್ತದೆ, ಆದರೆ ಯುಎಸ್‌ಬಿ ಸತ್ತಿದೆ. ಲ್ಯಾಪ್‌ಟಾಪಿನ ಲ್ಯಾನ್ ಪೋರ್ಟ್ ಹೋಗಿದೆ, ರೌಟರ್ ಪೂರ್ತಿ ಹೋಗಿದೆ. ಕೋಆ್ಯಕ್ಸ್ ಬಿಚ್ಚಿದ್ದರೂ ಇದು ಹೇಗಾಯಿತು? ಆಂಟೆನಾಕ್ಕೆ ಬೇರೆಯೇ ಅರ್ಥ್ ಪಿಟ್ ತೋಡಿಸಬೇಕಾ? ಇದರ ಜೊತೆಗೆ ಸೊಸೈಟಿಯ ಸೆಕ್ರೆಟರಿ, ನಿಮ್ಮ ಕಂಬವೇ ಸಿಡಿಲನ್ನು ಕರೆಯುತ್ತದೆ, ಇಳಿಸಿಬಿಡಿ ಅನ್ನುತ್ತಿದ್ದಾರೆ. ಅವರಿಗೆ ಏನು ಉತ್ತರ ಹೇಳಲಿ?

ಠಾಣೆ_ಹಳೇಹ್ಯಾಮ್:

ಮಗಳಿಗೆ ಏನೂ ಆಗಲಿಲ್ಲವಲ್ಲ, ಅದು ದೊಡ್ಡದು. ಉಳಿದದ್ದನ್ನೆಲ್ಲ ಮತ್ತೆ ಕೊಳ್ಳಬಹುದು.

ನಿಮ್ಮ ಆಂಟೆನಾಕ್ಕೆ ಸಿಡಿಲು ನೇರವಾಗಿ ಬಡಿದಿಲ್ಲ. ಬಡಿದಿದ್ದರೆ ಕೋಆ್ಯಕ್ಸ್ ಸೀಳಿಹೋಗುತ್ತಿತ್ತು, ಡೈಪೋಲಿನ ತಂತಿ ಕರಗುತ್ತಿತ್ತು, ಗೋಡೆಯ ಗಾರೆ ಎದ್ದಿರುತ್ತಿತ್ತು. ಒಂದು ಸಾಮಾನ್ಯ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಹರಿಯುತ್ತದೆ. ಅಷ್ಟು ಕರೆಂಟು ಕೆಲವೇ ಮೈಕ್ರೊಸೆಕೆಂಡಿನಲ್ಲಿ ಪಕ್ಕದ ಮರದಲ್ಲಿ ಇಳಿದರೆ, ನಿಮ್ಮ 20 ಮೀಟರ್ ತಂತಿ ಮತ್ತು ಕೆಳಗಿಳಿದ ಕೋಆ್ಯಕ್ಸಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುವುದು ಸಹಜ. ಆ ವೋಲ್ಟೇಜ್ ಎಲ್ಲಾದರೂ ಇಳಿಯಲೇಬೇಕು ಅಲ್ವಾ? ನೀವು ಪ್ಲಗ್ಗನ್ನು ರಿಗ್ಗಿನ ಬೆನ್ನಿಗೇ ಇಟ್ಟಿದ್ದಿರಿ. ರಿಗ್ಗಿನ ಪೆಟ್ಟಿಗೆ ಪವರ್ ಸಪ್ಲೈ ಮೂಲಕ ಮನೆಯ ಅರ್ಥಿಗೆ ಸೇರಿದೆ. ಸ್ವಿಚ್ ಆಫ್ ಮಾಡಿದರೆ ಲೈವ್ ವಯರ್ ಮಾತ್ರ ಕಡಿಯುತ್ತದೆ, ಅರ್ಥ್ ಪಿನ್ ಹಾಗೇ ಇರುತ್ತದೆ. ಸರಿ, ಕಿಡಿ ಹಾರಿತು. ಸ್ವಲ್ಪ ಪವರ್ ಸಪ್ಲೈ ಕಡೆ ಹೋಯಿತು, ಸ್ವಲ್ಪ ಯುಎಸ್‌ಬಿಯಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಲ್ಯಾನ್ ವಯರ್ ಹಿಡಿದು ರೌಟರಿಗೆ.

ಬಹಳ ಜನ ಇದೇ ತಪ್ಪು ಮಾಡುತ್ತಾರೆ. ಬಿಚ್ಚಿಟ್ಟೆ ಅಂದುಕೊಳ್ಳುತ್ತಾರೆ, ಆದರೆ ಬಿಚ್ಚಿದ ತುದಿ ಮನೆಯೊಳಗೇ ಇರುತ್ತದೆ. ಅದು ಹೊರಗಿರಬೇಕು, ಅರ್ಥಿಗೆ ಸೇರಿರಬೇಕು. 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಕ್‌ಮನ್ ಅನ್ನುವ ವಿಜ್ಞಾನಿ ಚಾವಣಿಯ ಕಬ್ಬಿಣದ ಸರಳಿನಿಂದ ಮನೆಯೊಳಗೆ ತಂತಿ ಎಳೆದು ಸಿಡಿಲನ್ನು ಅಳೆಯಲು ಹೊರಟು ಪ್ರಾಣ ಕಳೆದುಕೊಂಡರು. ಅವರ ಸರಳಿಗೂ ನೆಲದ ಸಂಪರ್ಕ ಇರಲಿಲ್ಲ.

ಸೆಕ್ರೆಟರಿಯವರ ಮಾತು ಪೂರ್ತಿ ತಪ್ಪಲ್ಲ. ಕಂಬ ಎಲ್ಲಿಂದಲೋ ಸಿಡಿಲನ್ನು ಎಳೆದು ತರುವುದಿಲ್ಲ, ಆದರೆ ಹೇಗಿದ್ದರೂ ನಿಮ್ಮ ಕಟ್ಟಡಕ್ಕೆ ಬೀಳುವ ಸಿಡಿಲು ಎಲ್ಲಕ್ಕಿಂತ ಎತ್ತರದ ಆ ಕಂಬಕ್ಕೇ ಬೀಳುವ ಸಾಧ್ಯತೆ ಜಾಸ್ತಿ. ಆದ್ದರಿಂದ ಕಂಬದ ಬುಡವನ್ನು ಕಟ್ಟಡದ ಸಿಡಿಲು ನಿರೋಧಕದ ಲೋಹದ ಪಟ್ಟಿಗೆ ಜೋಡಿಸುತ್ತೇನೆ ಅಂತ ಬರೆದುಕೊಡಿ. ಪಟ್ಟಿಯೇ ಇಲ್ಲದಿದ್ದರೆ ಸೊಸೈಟಿಯೇ ಅದನ್ನು ಹಾಕಿಸುವುದು ಒಳ್ಳೆಯದು.

ವಾಸ್ಕೊ_ಕಡಲತಡಿ:

ಬೇರೆ ಅರ್ಥ್ ಪಿಟ್ ಬೇಕಾ ಅಂತ ಕೇಳಿದ್ದೀರಿ. ಅಲ್ಲೇ ನಾನು ಕೈ ಸುಟ್ಟುಕೊಂಡಿದ್ದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗೋವಾಕ್ಕೆ ಬಂದ ಹೊಸದರಲ್ಲಿ ಕಿಟಕಿಯ ಕೆಳಗೆ ಒಂದು ಅರ್ಥ್ ರಾಡ್ ಹೊಡೆಸಿ, ಅರೆಸ್ಟರ್ (ಹೆಚ್ಚಾದ ವೋಲ್ಟೇಜನ್ನು ಅರ್ಥಿಗೆ ಇಳಿಸುವ ಸಾಧನ) ಹಾಕಿ, ಇನ್ನು ಭಯವಿಲ್ಲ ಅಂದುಕೊಂಡಿದ್ದೆ. ಮನೆಯ ಅರ್ಥ್ ಹಿತ್ತಲಲ್ಲಿ ಬೇರೆ ಇತ್ತು. ಎರಡನ್ನೂ ಜೋಡಿಸಿರಲಿಲ್ಲ. ಒಂದು ಅಕ್ಟೋಬರಿನಲ್ಲಿ, ಚಿತ್ತಾ ಮಳೆಯ ಹೊತ್ತಿಗೆ, ಹತ್ತಿರದಲ್ಲೇ ಸಿಡಿಲು ಬಿತ್ತು. ಅರೆಸ್ಟರ್ ಚೆನ್ನಾಗಿಯೇ ಇತ್ತು, ರಿಗ್ ಹೋಯಿತು. ಯಾಕೆಂದರೆ ಸಿಡಿಲು ಬಿದ್ದಾಗ ನೆಲ ಎಲ್ಲ ಕಡೆ ಒಂದೇ ವೋಲ್ಟೇಜಿನಲ್ಲಿ ಇರುವುದಿಲ್ಲ. ಕಿಟಕಿ ಕೆಳಗಿನ ರಾಡ್ ಒಂದು ಮಟ್ಟಕ್ಕೆ ಏರಿತು, ಹಿತ್ತಲಿನದು ಇನ್ನೊಂದು ಮಟ್ಟಕ್ಕೆ, ಎರಡರ ಮಧ್ಯೆ ಸೇತುವೆಯಾಗಿ ಕೂತಿದ್ದು ನನ್ನ ರಿಗ್. ಹೊಸ ರಾಡ್ ಎಷ್ಟು ಬೇಕಾದರೂ ಹಾಕಿ, ಆದರೆ ಮನೆಯ ಅರ್ಥಿಗೆ ದಪ್ಪ ತಾಮ್ರದಿಂದ ಜೋಡಿಸದೆ ಬಿಡಬೇಡಿ. ಆ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಗ್ಯಾಸ್ ಪೈಪನ್ನು ಮಾತ್ರ ಅರ್ಥ್ ಅಂತ ಬಳಸಲೇಬೇಡಿ.

ನಮ್ಮಲ್ಲಿ ಜಂಬಿಟ್ಟಿಗೆ ಕಲ್ಲು. ರಾಡ್ ಮೂರು ಅಡಿಗೇ ನಿಲ್ಲುತ್ತದೆ, ಮೇ ತಿಂಗಳಲ್ಲಿ ಆ ನೆಲ ಒಣಗಿ ರೆಸಿಸ್ಟೆನ್ಸ್ ಏರುತ್ತದೆ. ಅದಕ್ಕೇ ಒಂದರ ಬದಲು ಮೂರು ರಾಡ್ ಹಾಕಿಸಿ, ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿಸಿ, ಎಲ್ಲವನ್ನೂ ಪಟ್ಟಿಯಿಂದ ಸೇರಿಸಿದೆ. ರಾಡ್‌ಗಳ ನಡುವೆ ಒಂದು ರಾಡಿನ ಎರಡರಷ್ಟು ಉದ್ದ ಅಂತರ ಬಿಟ್ಟರೆ ಒಳ್ಳೆಯದು. ಪುಣೆಯಲ್ಲೂ ಸ್ವಲ್ಪ ಕೆಳಗೆ ಹೋದರೆ ಕರಿಕಲ್ಲು ಸಿಗುತ್ತದೆ, ನಿಮಗೂ ಇದು ಬರಬಹುದು. ಜಿಐ ಪಟ್ಟಿಗೆ ನೇರವಾಗಿ ತಾಮ್ರ ಕಟ್ಟಬೇಡಿ, ಒಂದೆರಡು ಮಳೆಗಾಲದಲ್ಲೇ ಸತು ತಿಂದುಹೋಗಿ ತುಕ್ಕು ಹಿಡಿಯುತ್ತದೆ. ನಡುವೆ ಬೈಮೆಟಲ್ ಕ್ಲ್ಯಾಂಪ್ ಇರಲಿ.

ಧಾಯರಿ_40ಮೀಟರ್:

ಇಬ್ಬರಿಗೂ ತುಂಬಾ ಧನ್ಯವಾದ. ರಿಗ್ಗೇ ಸೇತುವೆ ಆಗುತ್ತದೆ ಅನ್ನುವುದು ಈಗ ಅರ್ಥವಾಯಿತು. ಆದರೆ ನಾನಿರುವುದು ನಾಲ್ಕನೇ ಮಹಡಿಯಲ್ಲಿ. ನೆಲ ಸುಮಾರು 13 ಮೀಟರ್ ಕೆಳಗಿದೆ. ಅಷ್ಟು ಉದ್ದದ ಅರ್ಥ್ ವಯರ್ ಎಳೆದರೆ ಉಪಯೋಗ ಇದೆಯಾ?

ಠಾಣೆ_ಹಳೇಹ್ಯಾಮ್:

ಸರಿಯಾದ ಪ್ರಶ್ನೆ. ಮಹಡಿ ಮನೆಯಲ್ಲಿರುವ ಹ್ಯಾಮ್‌ಗಳೆಲ್ಲ ಇದನ್ನು ಯೋಚಿಸಬೇಕು.

ಸಿಡಿಲಿಗೆ ವಯರಿನ ರೆಸಿಸ್ಟೆನ್ಸ್ ಲೆಕ್ಕಕ್ಕಿಲ್ಲ, ಇಂಡಕ್ಟೆನ್ಸ್ (ಕರೆಂಟು ತಟ್ಟನೆ ಏರುವುದಕ್ಕೆ ವಯರು ಒಡ್ಡುವ ತಡೆ) ಲೆಕ್ಕ. ನೇರವಾದ ವಯರಿಗೆ ಮೀಟರಿಗೆ ಸುಮಾರು 1 ಮೈಕ್ರೊಹೆನ್ರಿ ಅಂದುಕೊಳ್ಳಿ. 13 ಮೀಟರಿಗೆ 13. ಪಕ್ಕದ ಸಿಡಿಲಿನಿಂದ ನಿಮ್ಮ ವಯರಿನಲ್ಲಿ ಒಂದು ಮೈಕ್ರೊಸೆಕೆಂಡಿಗೆ 1,000 ಆಂಪಿಯರಿನಂತೆ ಏರಿದರೂ ಮೇಲಿನ ತುದಿಯಲ್ಲಿ 13,000 ವೋಲ್ಟ್ ನಿಲ್ಲುತ್ತದೆ. ಅಂದರೆ ನಾಲ್ಕನೇ ಮಹಡಿಯಲ್ಲಿ ಸೊನ್ನೆ ವೋಲ್ಟ್ ಅನ್ನುವುದು ಸಿಗುವುದೇ ಇಲ್ಲ. ಆದ್ದರಿಂದ ಅದರ ಆಸೆ ಬಿಟ್ಟು ಇನ್ನೊಂದು ದಾರಿ ಹಿಡಿಯಬೇಕು. ಏರುವುದಾದರೆ ಎಲ್ಲವೂ ಒಟ್ಟಿಗೆ ಏರಲಿ. ನೆರೆ ಬಂದಾಗ ದೋಣಿ ಎಷ್ಟು ಮೇಲೆದ್ದರೂ ಒಳಗೆ ಕೂತವರಿಗೆ ಏನೂ ಆಗುವುದಿಲ್ಲ. ಒಂದು ಕಾಲು ದೋಣಿಯಲ್ಲಿ, ಇನ್ನೊಂದು ದಡದಲ್ಲಿ ಇಟ್ಟವನು ಬೀಳುತ್ತಾನೆ.

ಆ ದೋಣಿ ಅಂದರೆ ಕಿಟಕಿಯ ಹತ್ತಿರ ಒಂದು ತಾಮ್ರದ ಇಲ್ಲವೇ ಅಲ್ಯೂಮಿನಿಯಂ ತಟ್ಟೆ. ಎರಡೂ ಕೋಆ್ಯಕ್ಸಿನ ಅರೆಸ್ಟರ್ ಅದರ ಮೇಲೇ ಕೂರಲಿ. ರಿಗ್ಗಿಗೆ ಹೋಗುವ ಕರೆಂಟಿನ ವಯರು ಅಲ್ಲೇ ಸರ್ಜ್ ಪ್ರೊಟೆಕ್ಟರ್ ಮೂಲಕ ಬರಲಿ, ಲ್ಯಾನ್ ವಯರಿಗೂ ಹಾಗೇ. ರಿಗ್, ಪವರ್ ಸಪ್ಲೈ, ಟ್ಯೂನರ್ ಪೆಟ್ಟಿಗೆಗಳ ಅರ್ಥ್ ಆ ತಟ್ಟೆಗೇ ಬರಲಿ. ತಟ್ಟೆಯಿಂದ ಅಗಲ ಪಟ್ಟಿಯಲ್ಲಿ ಕಟ್ಟಡದ ಅರ್ಥಿಗೆ ಹೋಗಿ. ಒಂದೇ ಒಂದು ವಯರು ತಟ್ಟೆ ತಪ್ಪಿಸಿ ಒಳಗೆ ಬಂದರೂ ಮಾಡಿದ್ದೆಲ್ಲ ವ್ಯರ್ಥ. ರೌಟರಿಗೆ ವೈಫೈ ಸಾಕಾದರೆ ಲ್ಯಾನ್ ವಯರನ್ನೇ ತೆಗೆದುಬಿಡಿ, ಅದಕ್ಕಿಂತ ಸುಲಭದ ರಕ್ಷಣೆ ಇಲ್ಲ.

ಟೆರೇಸಿನಲ್ಲೂ ಕೆಲಸ ಇದೆ. ಕೋಆ್ಯಕ್ಸಿನ ಹೊರ ಜಾಲರಿಯನ್ನು ಕಂಬದ ಬುಡದಲ್ಲಿ ಕಂಬಕ್ಕೇ ಸೇರಿಸಿ. ಅರೆಸ್ಟರ್ ಇದ್ದರೂ ನೇರ ಸಿಡಿಲಿನ ಮುಂದೆ ಯಾವ ಸಾಧನಕ್ಕೂ ಗ್ಯಾರಂಟಿ ಇಲ್ಲ, ಆದ್ದರಿಂದ ಮಳೆಗಾಲದಲ್ಲಿ ರೇಡಿಯೊ ಆಡದ ದಿನ ಕೋಆ್ಯಕ್ಸನ್ನು ಆ ಬುಡದಲ್ಲೇ ಬಿಚ್ಚಿಡುವ ಹಾಗೆ ಒಂದು ಜಾಯಿಂಟ್ ಮಾಡಿಕೊಳ್ಳಿ. ಆದರೆ ಬಿಚ್ಚುವುದು ಬೆಳಿಗ್ಗೆ, ಆಕಾಶ ತಿಳಿಯಾಗಿದ್ದಾಗ. ಗುಡುಗು ಕೇಳಿದ ಮೇಲೆ ಟೆರೇಸಿಗೆ ಹತ್ತಬೇಡಿ, ಕೋಆ್ಯಕ್ಸ್ ಮುಟ್ಟಲೂ ಬೇಡಿ. ರಿಗ್ ಹೋದರೆ ಹೋಗಲಿ.

ಕೊತ್ರೂಡ್_ವೀಕೆಂಡ್:

ಗುಡುಗಿನ ಮಾತು ಬಂತಲ್ಲ, ಪುಣೆಯ ಪಾಷಾಣದಲ್ಲಿರುವ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿರುವ ದಾಮಿನಿ ಆ್ಯಪ್ ಹಾಕಿಕೊಳ್ಳಿ. 20 ಮತ್ತು 40 ಕಿಲೋಮೀಟರ್ ಸುತ್ತಿನಲ್ಲಿ ಬೀಳುತ್ತಿರುವ ಸಿಡಿಲು ಕಾಣುತ್ತದೆ. 40ರ ಸುತ್ತಿಗೆ ಬಂತು ಅಂದರೆ ನಾನು ಕ್ಯೂಎಸ್‌ಒ (ರೇಡಿಯೊ ಮಾತುಕತೆ) ಮುಗಿಸಿ ಎಲ್ಲ ಬಿಚ್ಚಿ, ಪ್ಲಗ್ ಕಿತ್ತು, ಏಳುತ್ತೇನೆ. ನೆಟ್ ಇಲ್ಲದಿದ್ದರೆ ಎಣಿಸಿ. ಮಿಂಚಿಗೂ ಗುಡುಗಿಗೂ ಮೂರು ಸೆಕೆಂಡ್ ಅಂತರ ಇದ್ದರೆ ಸಿಡಿಲು ಒಂದು ಕಿಲೋಮೀಟರ್ ದೂರ. 30 ಸೆಕೆಂಡಿಗಿಂತ ಕಡಿಮೆ ಆದರೆ ಅಪಾಯದ ಒಳಗಿದ್ದೀರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು.

ಇನ್ನೊಂದು ವಿಷಯ. ಸಿಡಿಲೇ ಇಲ್ಲದಿದ್ದರೂ ಒಣ ಗಾಳಿಗೆ, ಧೂಳಿಗೆ, ಮಳೆ ಹನಿಗೆ ಡೈಪೋಲಿನ ತಂತಿಯಲ್ಲಿ ಚಾರ್ಜ್ ಕೂಡುತ್ತದೆ. ರಿಸೀವರಿನ ಮುಂಭಾಗ ಕೆಡಲು ಅಷ್ಟು ಸಾಕು. ಕೋಆ್ಯಕ್ಸಿನ ಒಳ ತಂತಿಗೂ ಜಾಲರಿಗೂ ನಡುವೆ ಒಂದು ಮೆಗಾಓಮ್ ರೆಸಿಸ್ಟರ್ ಹಾಕಿದರೆ ಅದು ಮೆಲ್ಲಗೆ ಇಳಿದುಹೋಗುತ್ತದೆ, ಸಿಗ್ನಲ್ಲಿಗೆ ಏನೂ ಆಗುವುದಿಲ್ಲ.

ಧಾಯರಿ_40ಮೀಟರ್:

ಸೆಕ್ರೆಟರಿಯವರ ಜೊತೆ ನಿನ್ನೆ ಟೆರೇಸಿಗೆ ಹೋಗಿ ನೋಡಿದೆ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಸಿಡಿಲು ನಿರೋಧಕದ ಪಟ್ಟಿ ಇದೆ, ಆದರೆ ಎರಡನೇ ಮಹಡಿಯ ಹತ್ತಿರ ಪೇಂಟಿಂಗ್ ಮಾಡಿದಾಗ ಕಡಿದುಹಾಕಿದ್ದಾರೆ. ಇಷ್ಟು ದಿನ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಸೊಸೈಟಿ ಖರ್ಚಿನಲ್ಲೇ ಸರಿಮಾಡಿಸಲು ಒಪ್ಪಿದ್ದಾರೆ. ಕಂಬ ಇಳಿಸುವ ಮಾತು ಸದ್ಯಕ್ಕೆ ಎತ್ತಲಿಲ್ಲ. ಮಗಳ ಮೇಜನ್ನು ಬೇರೆ ಕೋಣೆಗೆ ಹಾಕಿದ್ದೇನೆ. ಬರುವ ಶನಿವಾರ, ಪುಣೆಯ ಬುಧವಾರ ಪೇಟೆ ಅನ್ನುವ ಬಡಾವಣೆಯ ತಪಕೀರ ಗಲ್ಲಿಗೆ ಹೋಗಿ ತಟ್ಟೆ, ಕ್ಲ್ಯಾಂಪ್, ಅರೆಸ್ಟರ್ ತರುತ್ತೇನೆ. 100 ವ್ಯಾಟಿನ ರಿಗ್ಗಿಗೆ ಅರೆಸ್ಟರಿನೊಳಗಿನ ಗ್ಯಾಸ್ ಟ್ಯೂಬ್ ಎಷ್ಟು ವೋಲ್ಟಿನದು ಕೇಳಲಿ?

ಠಾಣೆ_ಹಳೇಹ್ಯಾಮ್:

230 ವೋಲ್ಟಿನದು. 50 ಓಮಿನಲ್ಲಿ 100 ವ್ಯಾಟ್ ಅಂದರೆ ಪೀಕ್ 100 ವೋಲ್ಟ್, ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದಿಕೊಂಡಿಲ್ಲ ಅನ್ನುವ ಅಳತೆ) 3 ಆದರೆ 170 ದಾಟುತ್ತದೆ. 90 ವೋಲ್ಟಿನದು ಹಾಕಿದರೆ ನಿಮ್ಮ ಟ್ರಾನ್ಸ್‌ಮಿಶನ್ನಿಗೇ ಹೊತ್ತಿಕೊಳ್ಳುತ್ತದೆ. ಟ್ಯೂಬ್ ಬದಲಿಸಲು ಬರುವಂಥದ್ದನ್ನೇ ಕೇಳಿ, ಜೊತೆಗೆ ಎರಡು ಹೆಚ್ಚು ತಂದಿಟ್ಟುಕೊಳ್ಳಿ.