ಲಂಟಾನ ತೆಗೆದ ಮೇಲೆ ಜಿಂಕೆಗೆ ಯಾವ ಹುಲ್ಲು?

ರಾಗಿಕಣ:
ಗುಂಡ್ಲುಪೇಟೆ ಕಡೆ, ಬಂಡೀಪುರದ ಅಂಚಿಗೆ ನಮ್ಮದು ಮೂರೂವರೆ ಎಕರೆ. ಅಪ್ಪ ಹುರುಳಿ ಚೆಲ್ಲೋದು ಬಿಟ್ಟ ಮೇಲೆ ಬೀಳುಬಿದ್ದು ಲಂಟಾನ ಪೊದೆ ಆಳುದ್ದ ಬೆಳೆದಿದೆ. ಹೇಗೂ ಉಳುಮೆ ಮಾಡಲ್ಲ, ಜಿಂಕೆ, ಕಡವೆ ಮೇಯಲಿ ಅಂತ ಆಸೆ. ಜೆಸಿಬಿಯಲ್ಲಿ ಕೀಳಿಸಿ ನೇಪಿಯರ್ (ದನಕ್ಕೆ ಬೆಳೆಯೋ ಎತ್ತರದ ಮೇವಿನ ಹುಲ್ಲು) ಹಾಕಲಾ? ಉಪ್ಪಿನ ಗಡ್ಡೆ ಇಡಬೇಕಾ?

ಬೇಲಿಯಾಚೆ:
ಜೆಸಿಬಿ ಬೇಡ ಸ್ವಾಮಿ. ಮಣ್ಣು ಕೆದರಿದಷ್ಟೂ ಕಾಂಗ್ರೆಸ್ ಹುಲ್ಲು ಏಳುತ್ತೆ. ಹಾಗಂತ ಬರೀ ಬುಡ ಕೊಚ್ಚಿದರೆ ಲಂಟಾನ ಮತ್ತೆ ಚಿಗುರುತ್ತೆ. ಮಳೆ ಬಿದ್ದು ನೆಲ ಮೆತ್ತಗಾದಾಗ, ಕಾಯಿ ಕಪ್ಪಾಗೋ ಮುಂಚೆ, ಮಣ್ಣಿಂದ ಎರಡು-ಮೂರು ಬೆರಳು ಕೆಳಗೆ ಬೇರು ಕಡಿದು, ಪೊದೆ ಎತ್ತಿ ಬೇರು ಮೇಲಾಗಿ ಮಗುಚಿಬಿಡಿ. ಅಲ್ಲೇ ಒಣಗುತ್ತೆ. ಪಿಕಳಾರ ಹಕ್ಕಿ ಹಣ್ಣು ತಿಂದು ಮರದ ಕೆಳಗೆ ಬೀಜ ಉದುರಿಸಿರುತ್ತೆ, ಮುಂದಿನ ಮಳೆ ಬಿದ್ದಾಗ ಮೊದಲು ಅಲ್ಲೇ ಸಸಿ ಹುಡುಕಿ ಕೀಳಿ.

ನೇಪಿಯರ್ ಎಮ್ಮೆಗೆ ಸರಿ. ಚುಕ್ಕೆ ಜಿಂಕೆಗೆ ಬೇಕಿರೋದು ಕುಳ್ಳ ಹುಲ್ಲು, ದೂರ ಕಾಣೋ ಬಯಲು. ಎತ್ತರದ ಹುಲ್ಲಲ್ಲಿ ಚಿರತೆ ಕೂತಿರುತ್ತಲ್ಲ! ಬಿಸಿಲು ಬಿದ್ದರೆ ಗರಿಕೆ ತಾನಾಗೇ ಹಬ್ಬುತ್ತೆ. ಬಾರದ ಕಡೆ, ನಿಮ್ಮ ಬದುಗಳಲ್ಲೇ ಇರೋ ನಾಟಿ ಹುಲ್ಲಿನ ತೆನೆ ಬಲಿತಾಗ ಕೊಯ್ದು ಚೆಲ್ಲಿ. ಕಡವೆ ಬೇರೆ ಗಿರಾಕಿ. ಅದಕ್ಕೆ ಸೊಪ್ಪು, ಕುಡಿ, ಮರೆ ಎಲ್ಲ ಬೇಕು. ಹಳ್ಳದ ದಡದ ಬಿದಿರು, ಕಾರೆ ಪೊದೆ ಮುಟ್ಟಬೇಡಿ.

ನೆಲ್ಲಿ ಮರ ಇದ್ದರೆ ಅದೃಷ್ಟ. ಉದುರಿದ ಕಾಯಿ ನುಂಗಿದ ಜಿಂಕೆ, ಆಮೇಲೆ ಮೆಲುಕು ಹಾಕುವಾಗ ಬೀಜ ಉಗುಳುತ್ತೆ. ನೆಡೋ ಕೂಲಿ ನಿಮಗೆ ಉಳೀತು. ಉಪ್ಪು ಬೇಡ, ದನ, ಜಿಂಕೆ ಎಲ್ಲಾ ಒಂದೇ ಗಡ್ಡೆ ನೆಕ್ಕಿದರೆ ರೋಗ ಅಂಟುತ್ತೆ.

ಓಂಕಾರದಂಚು:
ಪಕ್ಕದ ಹೊಲದವರನ್ನ ಕೇಳಿದ್ದೀರಾ? ಹಗಲು ನಿಮ್ಮಲ್ಲಿ ಮೆಂದ ಜಿಂಕೆ ರಾತ್ರಿ ಅವರ ಅವರೆ ಹೊಲಕ್ಕೆ ನುಗ್ಗುತ್ತೆ, ಬೈಗುಳ ನಿಮಗೆ. ಕಾಡಿನ ಕಡೆಯ ಎರಡು ಎಕರೆ ಮಾತ್ರ ಜಿಂಕೆಗೆ ಬಿಡಿ. ಹಳೇ ಮುಳ್ಳುತಂತಿ ಇದ್ದರೆ ಬಿಚ್ಚಿ ಸುರುಳಿ ಸುತ್ತಿ ತೆಗೆದಿಡಿ, ನಾಯಿ ಅಟ್ಟಿಸಿದರೆ ಜಿಂಕೆ ಅದಕ್ಕೇ ಸಿಕ್ಕಿಕೊಳ್ಳೋದು. ಒಣಗಿದ ಲಂಟಾನಕ್ಕೆ ಕಡ್ಡಿ ಗೀರಬೇಡಿ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಮರೆತಿಲ್ಲ ತಾನೆ?

ರಾಗಿಕಣ:
ನೆಲ್ಲಿ ಎರಡು ಮರ ಇದೆ ಅಣ್ಣ. ಪಕ್ಕದ ಹೊಲ ನಮ್ಮ ಚಿಕ್ಕಪ್ಪಂದೇ, ಅಲ್ಲೇ ಇರೋದು ಕಷ್ಟ. ಸುಡೋದು ಬೇಡ ಅಂದರೆ ಆ ಒಣಗಿದ ರಾಶಿ ಏನು ಮಾಡಲಿ?

ಬೇಲಿಯಾಚೆ:
ದಪ್ಪ ಕಡ್ಡಿ ಬೇರೆ ಮಾಡಿಡಿ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದನ್ನ ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ ಮಾಡ್ತಾರೆ, ಆಳೆತ್ತರದ ಆನೆ ಕೂಡ. ಮಿಕ್ಕಿದ್ದು ಒಲೆಗೆ. ಚಿಕ್ಕಪ್ಪನ ವಿಷಯ ನೀವೇ ನೋಡಿಕೊಳ್ಳಿ.